ಕಾಲೇಜು ಆವರಣದಲ್ಲಿ ಹಕ್ಕಿಗಳಿಗೆ ಕಾಳು, ನೀರು: ಫಾರ್ವರ್ಡ್ ಸಂದೇಶ ಹೇಳದ ಉಳಿದ ಅರ್ಧ

ಮಾರ್ಚ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಚಿತ್ರ ಓಡಾಡತೊಡಗುತ್ತದೆ. ಬಾಯಾರಿದ ಗುಬ್ಬಚ್ಚಿ, ಪಕ್ಕದಲ್ಲೊಂದು ಮಣ್ಣಿನ ತಟ್ಟೆ, ಕೆಳಗೆ ‘ಹಿಡಿ ಕಾಳು, ಬಟ್ಟಲು ನೀರು ಇಡಿ, ಹಕ್ಕಿಗಳನ್ನು ಉಳಿಸಿ’ ಎಂಬ ಮನವಿ. ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮರಗಳಿಗೆ ತಟ್ಟೆ ಕಟ್ಟುವುದೂ ಆಗಲೇ. ಉದ್ದೇಶ ಒಳ್ಳೆಯದು. ಆದರೆ ಕಟ್ಟಿದ ಮೇಲೆ ಏನು ಮಾಡಬೇಕೆಂದು ಆ ಸಂದೇಶ ಹೇಳುವುದಿಲ್ಲ. ಹಕ್ಕಿಗೆ ಒಳಿತೋ ಕೆಡುಕೋ ಎಂಬುದು ತೀರ್ಮಾನವಾಗುವುದು ಅಲ್ಲೇ.

ಬೇಯಿಸದ ಅಕ್ಕಿ ತಿಂದರೆ ಹಕ್ಕಿಯ ಹೊಟ್ಟೆ ಒಡೆಯುತ್ತದೆಯೇ?

ಇಲ್ಲ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಜೇಮ್ಸ್ ಕ್ರೂಪಾ ಈ ಮಾತನ್ನು ತಮ್ಮ ವಿದ್ಯಾರ್ಥಿಗಳೊಂದಿಗೆ ಪರೀಕ್ಷಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಕ್ಕಿ ತಿಂದ ಪಾರಿವಾಳಗಳಿಗೆ ಯಾವ ತೊಂದರೆಯೂ ಆಗಲಿಲ್ಲ. ನಮ್ಮ ಗದ್ದೆಗಳಲ್ಲಿ ಮುನಿಯ ಹಕ್ಕಿಗಳು ಭತ್ತ ತಿಂದೇ ಬದುಕುತ್ತವೆ. ನಿಜಕ್ಕೂ ಇಡಬಾರದ್ದು ಉಪ್ಪು, ಖಾರ, ಎಣ್ಣೆ ಬೆರೆತ ಹಾಸ್ಟೆಲ್ ಊಟದ ಉಳಿಕೆ ಮತ್ತು ಬೂಸ್ಟು ಹಿಡಿದ ಕಾಳು. ಬ್ರೆಡ್ಡಿನಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಪೋಷಣೆ ಸಿಗುವುದಿಲ್ಲ.

ಕಾಳಿಟ್ಟರೆ ಗುಬ್ಬಚ್ಚಿಗಳು ಹೆಚ್ಚುತ್ತವೆಯೇ?

ಕಾಳೊಂದರಿಂದಲೇ ಆಗದು. ದೊಡ್ಡ ಗುಬ್ಬಚ್ಚಿ ಕಾಳು ತಿನ್ನುತ್ತದೆ, ಆದರೆ ಮರಿಗಳಿಗೆ ಹುಳು, ಕೀಟಗಳೇ ಬೇಕು. ಗೂಡಿಗೆ ಗೋಡೆಯ ಸಂದೂ ಬೇಕು. 2020ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿಯ ಪ್ರಕಾರ ದೇಶದಲ್ಲಿ ಒಟ್ಟಾರೆ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಇಳಿದಿರುವುದು ದೊಡ್ಡ ನಗರಗಳಲ್ಲಿ. ಇದಕ್ಕೆ ಮೊಬೈಲ್ ಟವರ್ ಕಾರಣ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ.

ನಗರದ ಆವರಣಗಳಲ್ಲಿ ರಾಶಿ ಕಾಳಿಗೆ ಮೊದಲು ಬಂದಿಳಿಯುವುದು ಪಾರಿವಾಳ. ಅದೇ ಸರಣಿಯ 2023ರ ವರದಿ, ಪಾರಿವಾಳಗಳು ಚೆನ್ನಾಗಿಯೇ ಹೆಚ್ಚುತ್ತಿವೆ ಎನ್ನುತ್ತದೆ. ಅವುಗಳ ಒಣಗಿದ ಹಿಕ್ಕೆ, ಪುಕ್ಕದ ದೂಳನ್ನು ದಿನವೂ ಉಸಿರಾಡಿದರೆ ಕೆಲವರಿಗೆ ಶ್ವಾಸಕೋಶದ ಅಲರ್ಜಿ ಕಾಯಿಲೆ ಬರುತ್ತದೆ.

ಕೊಳೆಯಾದ ತಟ್ಟೆಯಿಂದ ಏನಾಗುತ್ತದೆ?

ಬ್ರಿಟನ್ನಿನಲ್ಲಿ ನಡೆದದ್ದು ನೋಡಿ. ಪಾರಿವಾಳಗಳ ಗಂಟಲಲ್ಲಿರುವ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಜೀವಿ 2005ರ ಹೊತ್ತಿಗೆ ಅಲ್ಲಿನ ಗ್ರೀನ್‌ಫಿಂಚ್ ಹಕ್ಕಿಗಳಲ್ಲಿ ಕಾಣಿಸಿಕೊಂಡಿತು. ರೋಗ ತಗಲಿದ ಹಕ್ಕಿಗೆ ನುಂಗಲಾಗುವುದಿಲ್ಲ. ಬಾಯಿಗಿಟ್ಟ ಕಾಳು ಜೊಲ್ಲಿನ ಸಮೇತ ತಟ್ಟೆಗೇ ಬೀಳುತ್ತದೆ, ಅದನ್ನು ಇನ್ನೊಂದು ಹಕ್ಕಿ ತಿನ್ನುತ್ತದೆ. ಗ್ರೀನ್‌ಫಿಂಚ್‌ಗಳ ಸಂಖ್ಯೆ ಎಷ್ಟು ಕುಸಿಯಿತೆಂದರೆ 2021ರಲ್ಲಿ ಅವನ್ನು ಅಲ್ಲಿನ ಅಪಾಯದ ಕೆಂಪು ಪಟ್ಟಿಗೆ ಸೇರಿಸಲಾಯಿತು. ಬ್ರಿಟನ್ನಿನ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ 2025ರಲ್ಲಿ ಸಮತಟ್ಟಾದ ಆಹಾರ ತಟ್ಟೆಗಳ ಮಾರಾಟವನ್ನು ತಡೆಹಿಡಿಯಿತು. ನಾವು ಮರಕ್ಕೆ ಕಟ್ಟುವುದೂ ಬಹುತೇಕ ಅಂಥ ತಟ್ಟೆಯನ್ನೇ.

ನೀರಿಗೂ ಇದೇ ಮಾತು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ಹಾರುವ ಹಂತ ತಲುಪಲು ಏಳರಿಂದ ಹತ್ತು ದಿನ ಸಾಕು. ಮೊಟ್ಟೆಗಳು ಬಟ್ಟಲಿನ ಒಳಗೋಡೆಗೆ ಅಂಟಿರುತ್ತವೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಉಜ್ಜಿ ತೊಳೆಯಬೇಕು.

ರಜೆ ಬಂದಾಗ?

ಬೇಸಿಗೆಯಲ್ಲಿ ಕಟ್ಟಿದ ತಟ್ಟೆಗಳನ್ನು ರಜೆ ಶುರುವಾದ ಮೇಲೆ ಕೇಳುವವರಿರುವುದಿಲ್ಲ. ‘ತೆಗೆದರೆ ಹಕ್ಕಿಗಳು ಉಪವಾಸ ಬೀಳುತ್ತವೆ’ ಎಂಬ ಅಂಜಿಕೆ ಬೇಡ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಚಿಕಡಿ ಎಂಬ ಪುಟ್ಟ ಹಕ್ಕಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಆಹಾರ ತಟ್ಟೆಗಳನ್ನು ತೆಗೆದ ಮೇಲೂ ಅವು ಕೊರೆಯುವ ಚಳಿಗಾಲವನ್ನು ಉಳಿದ ಹಕ್ಕಿಗಳಂತೆಯೇ ಕಳೆದವು. ತೊಳೆಯಲು ಜನವಿಲ್ಲವೆಂದರೆ ತಟ್ಟೆ ಇಳಿಸಿಬಿಡುವುದೇ ಸರಿ.

ಹಾಗಾದರೆ ಏನು ಮಾಡಬಹುದು?

- ಕಾಳಿಗಿಂತ ನೀರಿಗೆ ಆದ್ಯತೆ ಕೊಡಿ. ಎರಡು ಇಂಚಿಗಿಂತ ಆಳವಿಲ್ಲದ ಮಣ್ಣಿನ ತಟ್ಟೆ ಇರಲಿ, ನಡುವೆ ಒಂದು ಕಲ್ಲಿಡಿ. ನೀರನ್ನು ದಿನವೂ ಬದಲಿಸಿ.
- ಕಾಳಿಡುವುದಾದರೆ ನವಣೆ, ಸಜ್ಜೆ ಸಾಕು. ಒಂದೇ ದಿನದಲ್ಲಿ ಖಾಲಿಯಾಗುವಷ್ಟೇ ಇಡಿ.
- ವಾರಕ್ಕೊಮ್ಮೆ ತಟ್ಟೆಯನ್ನು ಸೋಪಿನಿಂದ ಉಜ್ಜಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿ. ಆಮೇಲೆ ಕೈಯನ್ನೂ ತೊಳೆದುಕೊಳ್ಳಿ.
- ಮಂಕಾಗಿ ಕೂತ ಅಥವಾ ಸತ್ತ ಹಕ್ಕಿ ಕಂಡರೆ ಎರಡು ವಾರ ತಟ್ಟೆ ತೆಗೆದಿಡಿ.
- ಗಾಜಿನ ಕಿಟಕಿಗಳಿಂದ ಮೂವತ್ತು ಅಡಿಯಾದರೂ ದೂರವಿರಲಿ. ಬೆದರಿ ಹಾರುವ ಹಕ್ಕಿ ಗಾಜಿಗೆ ಬಡಿಯುತ್ತದೆ.
- ಅತ್ತಿ, ಆಲ, ಬೂರುಗ, ಮುತ್ತುಗದ ಗಿಡ ನೆಡಿ. ಒಂದು ಮೂಲೆಯ ತರಗೆಲೆಯನ್ನು ಗುಡಿಸದೆ, ಸುಡದೆ ಬಿಡಿ. ಅಲ್ಲಿ ಹುಳುಗಳಿರುತ್ತವೆ, ಹುಳು ತಿನ್ನುವ ಹಕ್ಕಿಗಳೂ ಬರುತ್ತವೆ.

ಪ್ರತಿ ಫೆಬ್ರವರಿಯಲ್ಲಿ ದೇಶದ ಅನೇಕ ಕಾಲೇಜುಗಳು ‘ಕ್ಯಾಂಪಸ್ ಬರ್ಡ್ ಕೌಂಟ್’ ಹೆಸರಿನಲ್ಲಿ ನಾಲ್ಕು ದಿನ ತಮ್ಮ ಆವರಣದ ಹಕ್ಕಿಗಳನ್ನು ಎಣಿಸುತ್ತವೆ. ನೀವೂ ಸೇರಿ. ಪಾರಿವಾಳವಷ್ಟೇ ಹೆಚ್ಚಿದೆಯೋ, ಪಿಕಳಾರ, ಸೂರಕ್ಕಿಗಳೂ ಬರುತ್ತಿವೆಯೋ ಎಂದು ಕೆಲವು ವರ್ಷಗಳ ಎಣಿಕೆಯಿಂದ ಗೊತ್ತಾಗುತ್ತದೆ.

ಮುಂದಿನ ಸಲ ಆ ಗುಬ್ಬಚ್ಚಿಯ ಚಿತ್ರ ಬಂದಾಗ ಧಾರಾಳವಾಗಿ ಹಂಚಿಕೊಳ್ಳಿ. ಜೊತೆಗೆ ಒಂದು ಸಾಲು ಸೇರಿಸಿ: ‘ನಮ್ಮ ಕಾಲೇಜಿನಲ್ಲಿ ಈ ವಾರ ತಟ್ಟೆ ತೊಳೆಯುವವರು ಯಾರು?’