ಮಗುವಿನ ನೆಪದಲ್ಲಿ ತಾಯಿಗೆ ಸರಪಳಿಯೇಕೆ?

ವಿಚ್ಛೇದನದ ಬಳಿಕ ತಂದೆ ದುಬೈಗೆ ಹೋದರೆ ಅದು ದುಡಿಮೆ. ಮಗುವನ್ನು ಸಾಕುತ್ತಿರುವ ತಾಯಿ ಕೆಲಸಕ್ಕೆಂದು ಮಂಗಳೂರಿನಿಂದ ಬೆಂಗಳೂರಿಗೆ ಹೊರಟರೆ ಮಾತ್ರ ‘ಮಗುವನ್ನು ಕದ್ದೊಯ್ದಳು’ ಎಂಬ ದೂರು! ಈ ಇಬ್ಬಗೆಯ ನೀತಿಯನ್ನು ನಾವು ಪ್ರಶ್ನಿಸಲೇಬೇಕು.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 26ನೇ ಕಲಮಿನಂತೆ, ಕೋರ್ಟು ನೇಮಿಸಿದ ಪಾಲಕರು ಅದರ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಾಚೆ ಕರೆದೊಯ್ಯುವಂತಿಲ್ಲ. ಅನುಮತಿ ಕೇಳುವುದು ತಪ್ಪಲ್ಲ. ಸದ್ದಿಲ್ಲದೆ ಮಗುವನ್ನು ತಂದೆಯಿಂದ ಬೇರ್ಪಡಿಸುವುದನ್ನು ನಾವೂ ಒಪ್ಪುವುದಿಲ್ಲ. ಆದರೆ ಯಾವ ಆಧಾರದಲ್ಲಿ, ಎಷ್ಟು ದಿನಗಳೊಳಗೆ ಅನುಮತಿ ಕೊಡಬೇಕೆಂದು ಆ ಕಲಮು ಹೇಳುವುದಿಲ್ಲ. ತೀರ್ಪು ಬರುವಷ್ಟರಲ್ಲಿ ಸಿಕ್ಕ ಕೆಲಸ ಕೈತಪ್ಪಿರುತ್ತದೆ.

ಕೆಲವರು ಶರೀಅತ್ತನ್ನು ಅಡ್ಡ ತರುತ್ತಾರೆ. ವಿಚ್ಛೇದಿತ ತಾಯಿ ಮಗುವಿನೊಂದಿಗೆ ದೂರದೂರಿಗೆ ಹೋಗಲು ಹನಫೀ ಫಿಕ್‌ಹ್‌ನಲ್ಲಿ ನಿರ್ಬಂಧವಿದೆ, ನಿಜ. ಆದರೆ ನಿಕಾಹ್ ನಡೆದ ತನ್ನ ತವರೂರಿಗೆ ಆಕೆ ಹೋಗಬಹುದೆಂದೂ, ತಂದೆ ಮಗುವನ್ನು ನೋಡಿ ರಾತ್ರಿಯೊಳಗೆ ಮರಳುವಷ್ಟು ಹತ್ತಿರದ ಊರಿಗೆ ತಡೆಯಿಲ್ಲವೆಂದೂ ಅದೇ ಫಿಕ್‌ಹ್ ಹೇಳುತ್ತದೆ. ಅಂದರೆ ನಿಯಮದ ಉದ್ದೇಶ ತಂದೆ-ಮಗುವಿನ ಭೇಟಿಯನ್ನು ಉಳಿಸುವುದೇ ಹೊರತು ತಾಯಿಯನ್ನು ಕಟ್ಟಿಹಾಕುವುದಲ್ಲ. ತಾನೇ ಕಡಲಾಚೆ ನೆಲೆಸಿ ವರ್ಷಕ್ಕೊಮ್ಮೆ ಊರಿಗೆ ಬರುವ ತಂದೆ ಈ ನಿಯಮವನ್ನು ಯಾವ ಬಾಯಿಂದ ಹೇಳುತ್ತಾನೆ?

ಸುಪ್ರೀಂ ಕೋರ್ಟು 2010ರಲ್ಲಿ ಆಸ್ಟ್ರೇಲಿಯಾದಲ್ಲಿ ಕೆಲಸವಿದ್ದ ತಾಯಿಗೆ, 2020ರಲ್ಲಿ ಸಿಂಗಾಪುರಕ್ಕೆ ಹೊರಟ ಬೆಂಗಳೂರಿನ ತಾಯಿಗೆ ಮಗುವನ್ನು ಕರೆದೊಯ್ಯಲು ಅವಕಾಶ ನೀಡಿತು. ಎರಡರಲ್ಲೂ ಮಗುವಿನೊಂದಿಗೆ ತಂದೆಯ ಸಂಪರ್ಕವನ್ನು ಕಾಪಾಡಿತು. ಆದರೆ ಬೀಡಿ ಕಟ್ಟಿ, ಬಟ್ಟೆ ಹೊಲಿದು ಮಗುವನ್ನು ಸಾಕುವ ತಾಯಿ ದಿಲ್ಲಿಯವರೆಗೆ ಹೋಗಬಲ್ಲಳೇ? ಪಾಲನೆಯ ಕಾನೂನುಗಳನ್ನು ಸುಧಾರಿಸಬೇಕೆಂದು ಕಾನೂನು ಆಯೋಗ 2015ರಲ್ಲೇ ವರದಿ ಕೊಟ್ಟಿತು. ಸಂಸತ್ತು ಅದನ್ನು ಕಾನೂನಾಗಿಸಿಲ್ಲ.

ನಾವು ಕೇಳುವುದಿಷ್ಟೇ. ಊರು ಬಿಡುವವರು ಮೊದಲೇ ಲಿಖಿತವಾಗಿ ತಿಳಿಸಲಿ. ತಕರಾರಿದ್ದರೆ ಕೌಟುಂಬಿಕ ನ್ಯಾಯಾಲಯ ಗೊತ್ತಾದ ಅವಧಿಯೊಳಗೆ ತೀರ್ಮಾನಿಸಲಿ. ಮಗುವಿನ ಶಾಲೆ, ಆರೈಕೆ, ಸಾಕುವವರ ದುಡಿಮೆ, ಮಗುವಿನ ಮನಸ್ಸು ಇವೇ ಅಳತೆಗೋಲಾಗಲಿ. ರಜೆಯ ಭೇಟಿ, ಪ್ರಯಾಣದ ಖರ್ಚು, ವಾರದ ವೀಡಿಯೋ ಕರೆ ಆದೇಶದಲ್ಲೇ ಬರೆದಿರಲಿ. ಮಗು ತಂದೆಯ ಬಳಿಯಿದ್ದರೂ ಇದೇ ನಿಯಮ ಅನ್ವಯಿಸಲಿ.

ನಮ್ಮ ಜಮಾಅತ್‌ಗಳು ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ವಿಚ್ಛೇದನದ ಪಂಚಾಯಿತಿಯಲ್ಲಿ ಮಹ್ರ್, ಒಡವೆಗಳ ಲೆಕ್ಕ ಹಾಕುವಾಗಲೇ ಈ ಒಪ್ಪಂದವನ್ನೂ ಬರೆಸಬಹುದು. ಒಡವೆ ಹಂಚಿಕೊಳ್ಳಲು ಪಟ್ಟಿ ಮಾಡುವ ನಾವು, ಹಂಚಲಾಗದ ಮಗುವಿಗಾಗಿ ಒಂದು ಹಾಳೆ ಬರೆಯಲಾರೆವೇ?