ಗುಡ್ಡದೂರಿನಲ್ಲಿ ಅರ್ಧ ದಿನ ನಮ್ಮದು



ಜಾತ್ರೆ, ಯಾತ್ರೆ ಮುಗಿಸಿ ಬಂದ ಹೆಣ್ಣುಮಗಳನ್ನು "ಏನೇನು ನೋಡಿ ಬಂದಿ?" ಎಂದು ಕೇಳಿ ನೋಡಿ. "ಎಲ್ಲೀದು ನೋಡೋದವ್ವಾ, ಗಂಟು ಕಾಯ್ಕೋತ ಕುಂತಿದ್ದೆ" ಎನ್ನುವ ಉತ್ತರವೇ ಹೆಚ್ಚು. ಗಂಡಸರು ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತುತ್ತಾರೆ. ಮನೆಯಾಕೆ ಬುಡದಲ್ಲಿ ಕುಳಿತು ಚೀಲ, ಚಪ್ಪಲಿ, ಬುತ್ತಿ ಡಬ್ಬಿ ಕಾಯುತ್ತಾಳೆ. ಮನೆಯಲ್ಲಿದ್ದಾಗ ಒಲೆ, ಪರಊರಿಗೆ ಹೋದಾಗ ಗಂಟು! ಹಾಗಾದರೆ ಆ ಪ್ರವಾಸ ಯಾರದಾಯಿತು ಹೇಳಿ?

ನಮ್ಮ ಶಲವಡಿ ಸೀಮೆ ಎಂದರೆ ಎರಿ ಹೊಲದ ಬಯಲು. ಕಣ್ಣು ಹಾಯಿಸಿದಷ್ಟು ದೂರ ಕಡಲಿ, ಜೋಳ, ಹತ್ತಿ. ಅದಕ್ಕೇ ನಮಗೆ ಗುಡ್ಡ ಕಂಡರೆ ಏನೋ ಹಿಗ್ಗು. ನವಲಗುಂದ ದಾಟಿ ನರಗುಂದದ ಗುಡ್ಡ ಕಂಡ ಕೂಡಲೇ ಬಸ್ಸಿನಲ್ಲಿದ್ದ ಮಕ್ಕಳು ಕಿಟಕಿಗೆ ಮುಖ ಹಚ್ಚುತ್ತವೆ. ಅಲ್ಲಿಂದ ಮುಂದೆ ಬಾದಾಮಿ. ಬನದ ಹುಣ್ಣಿಮೆಗೆ ಬನಶಂಕರಿಗೆ ಹೋಗುವ ಮನೆಗಳು ನಮ್ಮ ಕಡೆ ಬಹಳ. ತಾಯಿಯ ದರ್ಶನವಾದ ಮೇಲೆ ಮರಳುವ ಬಸ್ಸಿನ ತನಕ ನಾಲ್ಕೈದು ತಾಸು ಬಿಡುವು ಇದ್ದೇ ಇರುತ್ತದೆ. ಬನಶಂಕರಿಯಿಂದ ಬಾದಾಮಿ ಬರೇ ಐದು ಕಿಲೋಮೀಟರು. ಆ ಬಿಡುವನ್ನು ಹೇಗೆ ಬಳಸಬೇಕು ಎನ್ನುವುದೇ ಈ ಸಲದ ಮಾತು.

ನಮ್ಮ ಓಣಿಯ ಹಿರಿಯರೊಬ್ಬರು ಮೂವತ್ತು ವರ್ಷ ತಪ್ಪದೆ ಬನಶಂಕರಿಗೆ ಹೋಗಿ ಬಂದವರು. ಬಾದಾಮಿಯ ಗುಹೆಗಳನ್ನು ಒಮ್ಮೆಯೂ ಹತ್ತಿ ನೋಡಿಲ್ಲ. "ಆವಾಗ ಕೂಸು-ಕುನ್ನಿ, ಗಂಟು-ಗದಡಿ ನೋಡ್ಕೊಳ್ಳೋದಾತು. ಈಗ ಮನಸ್ಸೈತಿ, ಮಣಕಾಲಿಲ್ಲ ತಂಗಿ" ಎಂದರು. ಈ ಮಾತು ನಮ್ಮೆಲ್ಲರಿಗೂ ಎಚ್ಚರಿಕೆ ಇದ್ದ ಹಾಗೆ. ಕಾಲಿನಲ್ಲಿ ಕಸುವಿದ್ದಾಗಲೇ ಹತ್ತಬೇಕು.

ಮೊದಲನೆಯದಾಗಿ, ಒಂದೇ ದಿನದಲ್ಲಿ ಎಲ್ಲವನ್ನೂ ನೋಡುವ ಆಸೆ ಬಿಡಿ. ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಎಂದು ಓಡಿದರೆ ಸಂಜೆಗೆ ಕಾಲುನೋವು ಒಂದೇ ನೆನಪಿನಲ್ಲಿ ಉಳಿಯುತ್ತದೆ. ಒಂದು ಊರನ್ನು ಹಿಡಿಯಿರಿ, ಅದನ್ನೇ ಸಾವಕಾಶ ನೋಡಿರಿ.

ಬಿಸಿಲೇರುವ ಮೊದಲು ಗುಹೆಗಳನ್ನು ಹತ್ತಿಬಿಡಿ. ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದು ಕ್ರಿ.ಶ. 543ರಲ್ಲಿ. ಗುಹೆಗಳು ನಾಲ್ಕು. ಮೊದಲನೆಯದು ಶಿವನದು. ಅಲ್ಲಿ ಬಂಡೆಯ ಮೇಲಿರುವ ನಟರಾಜನಿಗೆ ಹದಿನೆಂಟು ಕೈ. ಮಕ್ಕಳಿಗೆ ಎಣಿಸಲು ಹೇಳಿ, ಅಷ್ಟರಲ್ಲಿ ನೀವು ದಮ್ಮು ತೆಗೆದುಕೊಳ್ಳಬಹುದು. ಎರಡು ಮತ್ತು ಮೂರನೆಯವು ವಿಷ್ಣುವಿನವು, ನಾಲ್ಕನೆಯದು ಜೈನರದು. ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು. ಮಂಗಳೇಶ ಅದನ್ನು ಮಾಡಿಸಿದ ವರ್ಷ 578 ಎಂದು ಅಲ್ಲಿಯ ಶಾಸನದಿಂದ ಗೊತ್ತಾಗುತ್ತದೆ. ಅಲ್ಲಿಯ ಕಂಬಗಳ ತಲೆಯ ಹತ್ತಿರ ಗಿಡದ ಕೆಳಗೆ ನಿಂತ ಗಂಡ-ಹೆಂಡಿರ ಜೋಡಿಗಳಿವೆ. ಸೊಂಟದ ಡಾಬು, ತುರುಬಿನ ಕಟ್ಟು, ಕಿವಿಯ ಓಲೆ ನೋಡಿರಿ. ಹದಿನಾಲ್ಕು ನೂರು ವರ್ಷದ ಹಿಂದಿನ ಹೆಣ್ಣುಮಕ್ಕಳ ಸಿಂಗಾರವೆಲ್ಲಾ ಕಲ್ಲಿನಲ್ಲಿ ಇದೆ. ಮೆಟ್ಟಿಲು ಎತ್ತರ, ಮಣಕಾಲು ನೋಯುವವರು ಮೊದಲನೆಯ ಗುಹೆಗೇ ನಿಂತರೂ ನಡೆದೀತು. ಕೈಯಲ್ಲಿ ತಿನ್ನುವ ಪದಾರ್ಥ ಮಾತ್ರ ಬೇಡ. ಅಲ್ಲಿಯ ಮಂಗಗಳು ಚೀಲವನ್ನೇ ಕಸಿದುಕೊಂಡು ಹೋಗುತ್ತವೆ!

ಮಧ್ಯಾಹ್ನ ಬನಶಂಕರಿಯ ಗುಡಿಯ ಹತ್ತಿರವೇ ಊಟ ಮುಗಿಸಿ. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ, ಮೊಸರು ತಂದು ಮಾರುತ್ತಾರೆ. ದಿನಾ ಹತ್ತು ಜನಕ್ಕೆ ರೊಟ್ಟಿ ಬಡಿಯುವ ನಮಗೆ ಇನ್ನೊಬ್ಬರು ಬಡಿದ ರೊಟ್ಟಿ ಕುಳಿತಲ್ಲೇ ಸಿಗುವುದೆಂದರೆ ಸಣ್ಣ ಸುಖವೇ? ಕೊಟ್ಟ ದುಡ್ಡು ನಮ್ಮಂಥವಳ ಕೈಗೇ ಸೇರುತ್ತದೆ.

ಊಟವಾದ ಮೇಲೆ ಸ್ವಲ್ಪ ಅಡ್ಡಾಗಿ. ಇಟಲಿ ದೇಶದಲ್ಲಿ ಅಸ್ಸೀಸಿ, ಓರ್ವಿಯೆಟೊದಂಥ ಗುಡ್ಡದ ಮೇಲಿನ ಹಳೇ ಊರುಗಳಿವೆ. ಅಲ್ಲಿಯೂ ಮಧ್ಯಾಹ್ನ ಎಷ್ಟೋ ಅಂಗಡಿಗಳು ಬಾಗಿಲು ಹಾಕುತ್ತವೆ. ಸಂಜೆಯಾದರೆ ಮುದುಕರು, ಹೆಂಗಸರು, ಮಕ್ಕಳು ಎಲ್ಲರೂ ಓಣಿಗೆ ಬಂದು ಸುಮ್ಮನೆ ಅಡ್ಡಾಡುತ್ತಾರೆ. ಅದಕ್ಕೆ ಅವರಲ್ಲಿ ಪಾಸ್ಸೆಜ್ಜಾತಾ ಎಂಬ ಹೆಸರೂ ಉಂಟು. ಮುಂಜಾನೆ ಬಂದು ಗಡಿಬಿಡಿಯಲ್ಲಿ ಹೊರಟುಹೋಗುವ ಪ್ರವಾಸಿಗೆ ಇದು ಕಾಣುವುದೇ ಇಲ್ಲ. ನಮ್ಮ ಬಾದಾಮಿಯೂ ಹಾಗೆಯೇ. ಅದರ ಚೆಲುವು ಇಳಿಹೊತ್ತಿಗೆ.

ಆ ಹೊತ್ತಿಗೆ ಅಗಸ್ತ್ಯತೀರ್ಥದ ಹೊಂಡದ ದಂಡೆಗೆ ಹೋಗಿರಿ. ದಾರಿ ಸಮನಾಗಿದೆ, ಗುಡ್ಡ ಹತ್ತಲಾರದ ಅತ್ತೆಯವರನ್ನೂ ಕರೆದುಕೊಂಡು ಹೋಗಬಹುದು. ಸಮೀಪದಲ್ಲೇ ಪುರಾತತ್ವ ಇಲಾಖೆಯ ಮ್ಯೂಜಿಯಂ ಇದೆ. ಶುಕ್ರವಾರ ರಜೆ, ಅದನ್ನು ನೆನಪಿಡಿ. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಮೂರ್ತಿ ಅಲ್ಲಿದೆ. ತಲೆಯ ಜಾಗದಲ್ಲಿ ಅರಳಿದ ಕಮಲ, ಹೆರಿಗೆಯ ಭಂಗಿ. ಹೆಣ್ಣಿನ ತಾಯ್ತನವನ್ನೇ ದೇವರೆಂದು ಪೂಜಿಸಿದ ಕಾಲವೊಂದಿತ್ತು. ನಾಚಿ ಮುಖ ತಿರುಗಿಸದೆ ನೋಡಿ ಬನ್ನಿ.

ಮುಂದೆ ಹೊಂಡದ ಮೂಡಣ ದಂಡೆಗೆ ಭೂತನಾಥನ ಗುಡಿ. ಮೆಟ್ಟಿಲ ಮೇಲೆ ಅರ್ಧ ತಾಸು ಸುಮ್ಮನೆ ಕುಳಿತುಕೊಳ್ಳಿ. ಸಂಜೆಯ ಬಿಸಿಲು ಬಿದ್ದಾಗ ಕೆಂಪು ಬಂಡೆ ಬೆಂಕಿಯ ಕೆಂಡದ ಹಾಗೆ ಹೊಳೆಯುತ್ತದೆ. ಮಳೆಗಾಲದಲ್ಲಾದರೆ ಬಂಡೆಯ ಮೇಲಿನಿಂದ ಎರಡು ಧಾರೆ ನೀರು ಬೀಳುತ್ತದೆ. ಅದರ ಹೆಸರು ಅಕ್ಕ-ತಂಗಿ ಜಲಪಾತ!

ಹೊಂಡದ ಮೇಲಿನ ತಟ್ಟುಕೋಟಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ನೇ ಇಸವಿಯದು. ಅದರಲ್ಲಿರುವುದು ತ್ರಿಪದಿ, ಕನ್ನಡದಲ್ಲಿ ಸಿಕ್ಕ ತ್ರಿಪದಿಗಳಲ್ಲಿ ಬಹಳ ಹಳೆಯದು. ತ್ರಿಪದಿ ಎಂದರೆ ಯಾವುದೆಂದುಕೊಂಡಿರಿ? ನಮ್ಮ ಅವ್ವ, ಅಜ್ಜಿ ಬೀಸುಕಲ್ಲಿನ ಮುಂದೆ ಕುಳಿತು ಹಾಡಿದ ಮೂರು ಸಾಲಿನ ಪದಗಳ ಧಾಟಿಯೇ ಅದು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಪದ ಬರುತ್ತಿತ್ತು. ಬಂಡೆಯ ಮೇಲೆ ರಾಜರ ಕಾಲದಲ್ಲಿ ಕೊರೆಸಿದ ಧಾಟಿ ನಮ್ಮ ಅಡಿಗೆಮನೆಯ ಮೂಲೆಯಲ್ಲಿ ಬದುಕಿತ್ತು. ಇದನ್ನು ನಿಮ್ಮ ಮಗಳಿಗೆ ಅಲ್ಲೇ ನಿಂತು ಹೇಳಿರಿ. ನಿಮಗೆ ಬರುವ ಒಂದು ಬೀಸುವ ಪದವನ್ನೂ ಹಾಡಿ ತೋರಿಸಿ.

ಒಂದು ರಾತ್ರಿ ತಂಗುವ ಅನುಕೂಲವಿದ್ದರೆ ಮರುದಿನ 22 ಕಿಲೋಮೀಟರು ದೂರದ ಪಟ್ಟದಕಲ್ಲಿಗೆ ಹೋಗಿರಿ. ಅಲ್ಲಿಯ ಎರಡು ದೊಡ್ಡ ಗುಡಿಗಳನ್ನು ಕಟ್ಟಿಸಿದವರು ಹೆಣ್ಣುಮಕ್ಕಳು, ಅದೂ ಅಕ್ಕ-ತಂಗಿಯರು. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷನ ಗುಡಿ ಕಟ್ಟಿಸಿದಳು. ಮಗ್ಗುಲಲ್ಲೇ ತಂಗಿ ತ್ರೈಲೋಕ್ಯಮಹಾದೇವಿ ಮಲ್ಲಿಕಾರ್ಜುನನ ಗುಡಿ ಕಟ್ಟಿಸಿದಳು. ಒಬ್ಬನೇ ರಾಜನ ರಾಣಿಯರಾದರೂ ಗುಡಿ ಮಾತ್ರ ಒಬ್ಬೊಬ್ಬರದು! ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

"ಎಲ್ಲಾ ಖರೆ, ಗಂಟು ಯಾರು ಕಾಯಬೇಕ್ರೀ?" ಎಂದು ಕೇಳುತ್ತೀರಿ. ಪಾಳಿ ಹಚ್ಚಿರಿ. ಮನೆಯಿಂದ ಹೊರಡುವ ಮೊದಲೇ "ಮುಂಜಾನೆ ನಾನೂ ಮಕ್ಕಳೂ ಹತ್ತುತ್ತೇವೆ, ಆಮೇಲೆ ನೀವು ಹೋಗಿ ಬರ್ರಿ" ಎಂದು ನಗುನಗುತ್ತಾ ಹೇಳಿ ಒಪ್ಪಿಸಿಕೊಳ್ಳಿ. ಅಲ್ಲಿ ಹೋದ ಮೇಲೆ ಹೇಳಿದರೆ ಜಗಳವಾಗುತ್ತದೆ. ಗಂಟನ್ನೇ ಸಣ್ಣದು ಮಾಡಿದರೆ ಇನ್ನೂ ಒಳ್ಳೆಯದು. ಒಬ್ಬರಿಗೊಂದು ಹೆಗಲ ಚೀಲ, ಅವರವರ ಚೀಲ ಅವರವರೇ ಹೊರಬೇಕು. ಖರ್ಚಿನ ಮಾತೂ ಈಗ ಮೊದಲಿನಂತಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಟಿಕೇಟಿನ ದುಡ್ಡಿಲ್ಲ. ಗುರುತಿನ ಚೀಟಿ ಇದ್ದರೆ ಸಾಕು. ಮನೆಯವರಿಗೆ ಬಿಡುವಿಲ್ಲದಿದ್ದರೆ ಓಣಿಯ ನಾಲ್ಕು ಮಂದಿ ಕೂಡಿಯೇ ಹೊರಡಬಹುದು.

ದಾರಿಯ ಬುತ್ತಿಗೆ ಒಂದು ಸುಲಭದ ಮೊಸರನ್ನ ಹೇಳುತ್ತೇನೆ. ಒಂದು ವಾಟಿ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಬಿಸಿ ಇದ್ದಾಗಲೇ ಮಸೆದು, ಎರಡು ವಾಟಿ ಕಾಯಿಸಿದ ಹಾಲು ಹಾಕಿ ಕಲೆಸಿ. ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಮೊಸರು, ಉಪ್ಪು ಸೇರಿಸಿ. ಸಾಸಿವೆ, ಹಸಿಮೆಣಸಿನಕಾಯಿ, ಶುಂಠಿ, ಕರಿಬೇವಿನ ಒಗ್ಗರಣೆ ಕೊಟ್ಟು ಡಬ್ಬಿಗೆ ತುಂಬಿ. ಮುಂಜಾನೆ ಕಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿಯೂ ಆಗಿರುವುದಿಲ್ಲ. ಜೊತೆಗೆ ಕಟಕ ರೊಟ್ಟಿ, ಗುರೆಳ್ಳು ಚಟ್ನಿ ಇದ್ದರೆ ಮತ್ತೇನು ಬೇಕು?

ಮುಂದಿನ ಬನದ ಹುಣ್ಣಿಮೆಗೆ ಹೊರಡುವಾಗ ಅರ್ಧ ದಿನವನ್ನು ನಿಮ್ಮ ಹೆಸರಿಗೆ ಬರೆದಿಟ್ಟುಕೊಳ್ಳಿ. ಹತ್ತಿ ಬಂದವರು ಏನೇನು ನೋಡಿದಿರಿ ಎಂದು ನನಗೊಂದು ಕಾಗದ ಹಾಕುವುದನ್ನು ಮರೆಯಬೇಡಿ. ಮತ್ತೆ ಹದಿನೈದು ದಿನಕ್ಕೆ ಭೇಟಿಯಾಗೋಣ.