ದೊಡ್ಡಪ್ಪನ ಸ್ಕ್ಯಾನ್‌ಗೆ ಎಐ ಬೇಕಿರಲಿಲ್ಲ

ಈ ಸಲದ ಫೈನಲ್ ಇಯರ್ ಪ್ರಾಜೆಕ್ಟ್ ಎಕ್ಸಿಬಿಷನ್‌ಗೆ ನಾನೂ ಹೋಗಿದ್ದೆ. ಸೀನಿಯರ್ಸ್ ಕರೆದಿದ್ರು ಅನ್ನೋದಕ್ಕಿಂತ ಮಧ್ಯಾಹ್ನದ ಲ್ಯಾಬ್ ಕ್ಯಾನ್ಸಲ್ ಆಗಿತ್ತು ಅನ್ನೋದೇ ನಿಜವಾದ ಕಾರಣ. ಒಂದೇ ಸಾಲಿನಲ್ಲಿ ಮೂರು ಟೀಮ್‌ಗಳು ‘ಡೀಪ್ ಲರ್ನಿಂಗ್ ಮೂಲಕ ಲಿವರ್ ಕ್ಯಾನ್ಸರ್ ಪತ್ತೆ’ ಅಂತ ಪೋಸ್ಟರ್ ಹಾಕಿದ್ದವು. ಮೂರರಲ್ಲೂ ಅಕ್ಯುರಸಿ ಶೇಕಡಾ 98ರ ಮೇಲೆ. ಮೂರೂ ಟೀಮ್ ಬಳಸಿದ್ದು ಒಂದೇ ಡೇಟಾಸೆಟ್, ಲಿಟ್ಸ್. ಮ್ಯೂನಿಕ್, ಮಾಂಟ್ರಿಯಲ್ ಮುಂತಾದ ಕಡೆಯ ಆಸ್ಪತ್ರೆಗಳಿಂದ ಬಂದ 131 ಸಿಟಿ ಸ್ಕ್ಯಾನ್‌ಗಳು ಅದರ ಟ್ರೇನಿಂಗ್ ಭಾಗದಲ್ಲಿವೆ. ಯಾರು ಬೇಕಾದರೂ ಡೌನ್‌ಲೋಡ್ ಮಾಡ್ಕೋಬಹುದು.

ಮೊದಲು ಒಂದು ತಾಂತ್ರಿಕ ತಕರಾರು ಹೇಳಿಬಿಡ್ತೀನಿ. ಒಂದು ಸಿಟಿ ಸ್ಕ್ಯಾನ್‌ನಲ್ಲಿ ಗಡ್ಡೆಗೆ ಸೇರಿದ ಪಿಕ್ಸೆಲ್‌ಗಳು ತೀರಾ ಕಡಿಮೆ. ‘ಎಲ್ಲೂ ಗಡ್ಡೆ ಇಲ್ಲ’ ಅಂತ ಕಣ್ಣು ಮುಚ್ಚಿ ಹೇಳುವ ಪ್ರೋಗ್ರಾಮ್‌ಗೂ ಪಿಕ್ಸೆಲ್ ಲೆಕ್ಕದಲ್ಲಿ ಹೆಚ್ಚೂಕಮ್ಮಿ ಅಷ್ಟೇ ಅಕ್ಯುರಸಿ ಬರುತ್ತೆ. ಇದನ್ನ ಕೇಳಿದಾಗ ಒಬ್ಬ ಅಣ್ಣ, "ಎಕ್ಸ್‌ಟರ್ನಲ್ ಇದ್ಯಾವುದನ್ನೂ ಕೇಳಲ್ಲ ಬಿಡೋ" ಅಂದ್ರು. ನಕ್ಕು ಮುಂದೆ ಹೋದೆ.

ಆದರೆ ನನ್ನ ನಿಜವಾದ ತಕರಾರು ಅದಲ್ಲ. ನಮ್ಮ ದೊಡ್ಡಪ್ಪ ಎರಡು ವರ್ಷದ ಹಿಂದೆ ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು. (ಪುಸ್ತಕದಲ್ಲಿ ಪಿತ್ತಜನಕಾಂಗ ಅಂತ ಇರುತ್ತೆ, ನಮ್ಮಜ್ಜಿ ಈಲಿ ಅಂತಾರೆ. ನಾನು ಇಂಗ್ಲಿಷ್ ಮೀಡಿಯಂ, ಲಿವರ್ ಅಂತಲೇ ಬರೀತೀನಿ, ಕ್ಷಮಿಸಿ.) ಅವರ ಸಿಟಿ ಫಿಲ್ಮನ್ನ ಮನೆ ಕಿಟಕಿಗೆ ಹಿಡಿದು ನಾನೇ ನೋಡಿದ್ದೆ. ಆಗ ನಾನು ಸೆಕೆಂಡ್ ಪಿಯುಸಿ. ಗಡ್ಡೆ ಎಲ್ಲಿದೆ ಅಂತ ನನಗೂ ಕಾಣ್ತಿತ್ತು, ಅಷ್ಟು ದೊಡ್ಡದಿತ್ತು. ಅದನ್ನ ಹುಡುಕೋಕೆ ಯಾವ ಎಐ ಕೂಡ ಬೇಕಿರಲಿಲ್ಲ. ಐದು ವರ್ಷ ಮೊದಲೇ ಯಾರಾದರೂ ಒಂದು ರಕ್ತಪರೀಕ್ಷೆ ಮಾಡಿಸಿ ಅಂತ ಹೇಳಬೇಕಿತ್ತು, ಅಷ್ಟೇ.

ದೊಡ್ಡಪ್ಪ ಬಿಡದಿ ಹತ್ತಿರದ ನಮ್ಮೂರಲ್ಲಿ ರೇಷ್ಮೆ ಮಾಡ್ತಿದ್ದರು. ಹೊಟ್ಟೆಯ ಬಲಗಡೆ ಭಾರ ಅಂತ ಹೇಳೋಕೆ ಶುರು ಮಾಡಿ ನಾಲ್ಕೈದು ತಿಂಗಳಾಗಿತ್ತು. ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸಿದ್ರು. "ಹುಳ ನಾಲ್ಕನೇ ಜ್ವರಕ್ಕೆ ಕೂತದೆ, ಗೂಡು ಮಾರ್ಕೆಟ್ಟಿಗೆ ಹಾಕ್ಬುಟ್ಟು ಹೋದ್ರಾಯ್ತು" ಅಂತ ಅವರೂ ಮುಂದೂಡಿದರು. ರೇಷ್ಮೆ ಮನೆಯವರಿಗೆ ಗೊತ್ತು, ಆ ಜ್ವರ ಎದ್ದ ಮೇಲೆ ಹುಳಕ್ಕೆ ಹಗಲು ರಾತ್ರಿ ಸೊಪ್ಪು ಹಾಕ್ತಾನೇ ಇರಬೇಕು. ಕೊನೆಗೆ ಬೆಂಗಳೂರಿಗೆ ಕರ್ಕೊಂಡು ಹೋಗಿ ಪರೀಕ್ಷೆ ಮಾಡಿಸಿದಾಗ ಮೂಲ ಹೆಪಟೈಟಿಸ್ ಬಿ ವೈರಸ್ ಅಂತ ಗೊತ್ತಾಯಿತು. ಎಷ್ಟು ವರ್ಷದಿಂದ ಒಳಗಿತ್ತೋ. ಅಷ್ಟರಲ್ಲಿ ಊರಲ್ಲಿ ಎಲ್ಲರೂ ‘ಕುಡೀತಿದ್ನೇನೋ’ ಅಂತ ತೀರ್ಮಾನ ಮಾಡಿಯಾಗಿತ್ತು. ದೊಡ್ಡಪ್ಪ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ದೊಡ್ಡಮ್ಮನಿಗೆ ಕಾಯಿಲೆಗಿಂತ ಹೆಚ್ಚು ನೋವು ಕೊಟ್ಟಿದ್ದು ಆ ಮಾತು. ಕುಡಿತ, ಫ್ಯಾಟಿ ಲಿವರ್, ಹೆಪಟೈಟಿಸ್ ಸಿ ಇವೆಲ್ಲವೂ ಲಿವರ್ ಕ್ಯಾನ್ಸರ್‌ಗೆ ದಾರಿ ಮಾಡಬಹುದು ನಿಜ. ಆದರೆ ಹುಟ್ಟುವಾಗ ತಾಯಿಯಿಂದ, ಸರಿಯಾಗಿ ಶುದ್ಧ ಮಾಡದ ಸೂಜಿಯಿಂದ, ಹಂಚಿಕೊಂಡ ಬ್ಲೇಡಿನಿಂದ ಬರುವ ಈ ವೈರಸ್ ಹತ್ತಾರು ವರ್ಷ ಸುಮ್ಮನೆ ಕೂತು ಅದೇ ಕೆಲಸ ಮಾಡುತ್ತೆ.

ಅವರಿಗೆ ಕೊಟ್ಟ ಮಾತ್ರೆ ಸೊರಾಫೆನಿಬ್. ಲಿವರ್ ಕ್ಯಾನ್ಸರ್‌ನಲ್ಲಿ ಆಯುಸ್ಸು ಹೆಚ್ಚಿಸುತ್ತೆ ಅಂತ ದೊಡ್ಡ ಟ್ರಯಲ್‌ನಲ್ಲಿ ಸಾಬೀತಾದ ಮೊದಲ ಮಾತ್ರೆ ಅದು. ಎಷ್ಟು ಹೆಚ್ಚಿಸುತ್ತೆ? 2008ರಲ್ಲಿ ಪ್ರಕಟವಾದ ಆ ಟ್ರಯಲ್‌ನಲ್ಲಿ ಸಕ್ಕರೆ ಮಾತ್ರೆಯಂಥದ್ದನ್ನ ತಗೊಂಡವರು ಮೀಡಿಯನ್ ಲೆಕ್ಕದಲ್ಲಿ 7.9 ತಿಂಗಳು ಬದುಕಿದ್ದರು, ಸೊರಾಫೆನಿಬ್ ತಗೊಂಡವರು 10.7 ತಿಂಗಳು. ಮೂರು ತಿಂಗಳಿಗೂ ಕಡಿಮೆ ವ್ಯತ್ಯಾಸ. ಮಾತ್ರೆ ಶುರುವಾದ ಮೇಲೆ ದೊಡ್ಡಪ್ಪನ ಅಂಗೈ ಅಂಗಾಲು ಕೆಂಪಾಗಿ ಸುಲಿದು, ಸೊಪ್ಪಿನ ಕಡ್ಡಿ ಹಿಡಿಯೋಕೂ ಆಗ್ತಿರಲಿಲ್ಲ. ಆದರೂ ಆ ತಿಂಗಳುಗಳಲ್ಲಿ ಅಕ್ಕನ ಮದುವೆ ನೋಡಿದರು. ಹಾಗಾಗಿ ಮೂರು ತಿಂಗಳು ಏನು ಮಹಾ ಅಂತ ನಮ್ಮ ಮನೇಲಿ ಯಾರೂ ಕೇಳಲ್ಲ.

ಆ ಮಾತ್ರೆ ನಮ್ಮ ಕೈಗೆ ಸಿಕ್ಕಿದ್ದರ ಹಿಂದೆ ಒಂದು ಕಥೆ ಇದೆ, ಇಂಜಿನಿಯರಿಂಗ್ ಓದೋರು ತಿಳ್ಕೋಬೇಕಾದ್ದು. ಬೇಯರ್ ಕಂಪನಿ ಇದನ್ನ ನೆಕ್ಸಾವರ್ ಅನ್ನೋ ಹೆಸರಲ್ಲಿ ಭಾರತದಲ್ಲಿ ಮಾರ್ತಿದ್ದಾಗ ಒಂದು ತಿಂಗಳ ಮಾತ್ರೆಗೆ ಸುಮಾರು 2,80,000 ರೂಪಾಯಿ. 2012ರ ಮಾರ್ಚ್ 9ರಂದು ನಮ್ಮ ಪೇಟೆಂಟ್ ಕಂಟ್ರೋಲರ್ ದೇಶದ ಮೊದಲ ಕಡ್ಡಾಯ ಲೈಸೆನ್ಸ್ ಕೊಟ್ಟರು. ಅಂದರೆ ಪೇಟೆಂಟ್ ಬೇಯರ್‌ದೇ, ಆದರೆ ಹೈದರಾಬಾದಿನ ನ್ಯಾಟ್ಕೋ ಕಂಪನಿ ರಾಯಲ್ಟಿ ಕಟ್ಟಿ ಮಾತ್ರೆ ಮಾಡಬಹುದು, ತಿಂಗಳಿಗೆ 8,880 ರೂಪಾಯಿ ಮೀರಬಾರದು. ಬೇಯರ್ ಸುಪ್ರೀಂ ಕೋರ್ಟ್ ತನಕ ಹೋಯಿತು, 2014ರ ಕೊನೆಯಲ್ಲಿ ಅಲ್ಲೂ ಸೋತಿತು. ದೊಡ್ಡಪ್ಪನ ಕಾಲಕ್ಕೆ ಪೇಟೆಂಟೇ ಮುಗಿದು ಬೇರೆ ಬೇರೆ ಕಂಪನಿಗಳ ಮಾತ್ರೆ ಸಿಗ್ತಿತ್ತು. 2,80,000 ಆಗಿದ್ದಿದ್ದರೆ ನಮ್ಮ ಮನೆಯವರು ಎರಡನೇ ತಿಂಗಳಿಗೇ ಹೊಲ ಮಾರಬೇಕಿತ್ತು. ನಮ್ಮ ಕಡೆ ಹೊಲದ ರೇಟು ಗೊತ್ತಲ್ಲ, ಕೊಳ್ಳೋಕೆ ಜನ ಕಾಯ್ತಿರ್ತಾರೆ.

ಹೀಗೆ ಬೆಲೆ ಇಳಿಸಿದರೆ ಹೊಸ ಔಷಧಿ ಕಂಡುಹಿಡಿಯೋರು ಯಾರು ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಸೊರಾಫೆನಿಬ್ ಕಂಡುಹಿಡಿದವರ ಕೆಲಸ ದೊಡ್ಡದು, ಅದಕ್ಕೆ ದುಡ್ಡು ಬೇಕು. ನಾನು ಹೇಳ್ತಿರೋದು ಇನ್ನೊಂದು ವಿಷಯ. ಅದೇ ಅಣುವನ್ನ ಕಡಿಮೆ ಖರ್ಚಿನಲ್ಲಿ, ಪ್ರತಿ ಬ್ಯಾಚ್‌ನಲ್ಲೂ ಒಂದೇ ಗುಣಮಟ್ಟದಲ್ಲಿ ಮಾಡೋದನ್ನ ನಾವು ಯಾಕೆ ಸಂಶೋಧನೆ ಅಂತ ಕರೆಯಲ್ಲ? ನಮ್ಮ ಪಕ್ಕದಲ್ಲೇ ಟೊಯೋಟಾ ಫ್ಯಾಕ್ಟರಿ ಇದೆ. ಒಂದು ಬಿಡಿಭಾಗದ ಖರ್ಚು ಹತ್ತು ರೂಪಾಯಿ ಇಳಿಸಿದವರನ್ನ ಅಲ್ಲಿ ಒಳ್ಳೆ ಇಂಜಿನಿಯರ್ ಅಂತಾರೆ. ಔಷಧಿ ವಿಷಯಕ್ಕೆ ಬಂದಾಗ ಮಾತ್ರ ಅದೇ ಕೆಲಸ ನಮಗೆ ‘ಕಾಪಿ’ ಥರ ಕಾಣುತ್ತೆ.

ಈಗ ಲಿವರ್ ಕ್ಯಾನ್ಸರ್‌ಗೆ ಸೊರಾಫೆನಿಬ್‌ಗಿಂತ ಒಳ್ಳೆಯದು ಬಂದಿದೆ. ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಅನ್ನೋ ಎರಡು ಆಂಟಿಬಾಡಿಗಳ ಜೋಡಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಂದು, ಗಡ್ಡೆಯನ್ನ ಗುರುತಿಸದಂತೆ ನಮ್ಮ ರೋಗನಿರೋಧಕ ಕೋಶಗಳಿಗೆ ಹಾಕಿದ ಬ್ರೇಕ್ ತೆಗೆಯುತ್ತೆ. ಇನ್ನೊಂದು, ಗಡ್ಡೆ ತನಗೆ ಬೇಕಾದ ಹೊಸ ರಕ್ತನಾಳ ಬೆಳೆಸಿಕೊಳ್ಳದಂತೆ ತಡೆಯುತ್ತೆ. ಟ್ರಯಲ್‌ನಲ್ಲಿ ಸೊರಾಫೆನಿಬ್ ತಗೊಂಡವರ ಮೀಡಿಯನ್ 13.4 ತಿಂಗಳು, ಈ ಜೋಡಿಯದ್ದು 19.2. ಮೂರು ವಾರಕ್ಕೊಮ್ಮೆ ಡ್ರಿಪ್, ಬೆಲೆ ಕೇಳಿದರೆ ತಲೆ ತಿರುಗುತ್ತೆ. ಈ ಜೋಡಿಯ ಅರ್ಧವಾದ ಬೆವಾಸಿಜುಮ್ಯಾಬ್‌ನ ಬಯೋಸಿಮಿಲರನ್ನ ಬೆಂಗಳೂರಿನ ಬಯೋಕಾನ್ 2017ರಲ್ಲೇ ತಂದಿದೆ, ಆಗ ಅದು ಕರುಳಿನ ಕ್ಯಾನ್ಸರ್‌ಗೆ. ಇದು ಮಾತ್ರೆ ಥರ ರಾಸಾಯನಿಕ ಬೆರೆಸಿ ಮಾಡೋದಲ್ಲ, ಜೀವಂತ ಕೋಶಗಳನ್ನ ದೊಡ್ಡ ಟ್ಯಾಂಕ್‌ನಲ್ಲಿ ಬೆಳೆಸಿ ತೆಗೆಯೋದು. ಉಷ್ಣಾಂಶ, ಆಮ್ಲಜನಕ, ಪಿಹೆಚ್ ಸ್ವಲ್ಪ ಏರುಪೇರಾದರೂ ಬ್ಯಾಚ್ ಹಾಳು. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಸಿಲಬಸ್ ನಿಜವಾಗಿ ಬೇಕಾಗೋ ಜಾಗ ಅದು.

ರಕ್ತದ ಕ್ಯಾನ್ಸರ್‌ಗೆ ಬಂದ ಕಾರ್-ಟಿ ಚಿಕಿತ್ಸೆಯದ್ದೂ ಇದೇ ಕಥೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಮಾಡಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಕೋಟಿಗಳಲ್ಲಿರೋ ಚಿಕಿತ್ಸೆ ಇಲ್ಲಿ ಲಕ್ಷಗಳಿಗೆ ಇಳಿಯಿತು. ಲಕ್ಷಗಳೂ ನಮ್ಮೂರಿಗೆ ದೂರವೇ, ಆದರೆ ದಿಕ್ಕು ಸರಿ ಇದೆ.

ಹೊಸ ತಂತ್ರಜ್ಞಾನ ಬೇಡ ಅಂತ ನಾನು ಹೇಳ್ತಿಲ್ಲ. ಹಿಸ್ಟೋಟ್ರಿಪ್ಸಿ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊರಗಿನಿಂದ ಅಲ್ಟ್ರಾಸೌಂಡ್‌ನ ಅತಿ ಚಿಕ್ಕ, ಅತಿ ಜೋರಾದ ಪಲ್ಸ್‌ಗಳನ್ನ ಲಿವರ್‌ನ ಗಡ್ಡೆಯ ಮೇಲೆ ಫೋಕಸ್ ಮಾಡ್ತಾರೆ. ಅಲ್ಲಿ ಸೂಕ್ಷ್ಮ ಗುಳ್ಳೆಗಳ ಮೋಡ ಎದ್ದು, ಒಡೆದು, ಗಡ್ಡೆಯ ಕೋಶಗಳನ್ನ ಚೂರು ಮಾಡುತ್ತೆ. ಕತ್ತರಿ ಇಲ್ಲ, ಸುಡೋದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಬಯೋಮೆಡಿಕಲ್ ಇಂಜಿನಿಯರ್‌ಗಳು ಮಾಡಿದ್ದು, 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿತು. ಇಸಿ ಓದೋ ನನಗೆ ಇದು ಕನಸಿನಂಥ ಕೆಲಸ. ಆದರೆ ಅವರು ಇದರ ಹಿಂದೆ ಬಿದ್ದಿದ್ದು ಸುಮಾರು ಇಪ್ಪತ್ತು ವರ್ಷ. ನಮ್ಮ ಪ್ರಾಜೆಕ್ಟಿಗೆ ಇರೋದು ಎರಡು ಸೆಮಿಸ್ಟರ್, ಅದರಲ್ಲಿ ಒಂದು ಪೋಸ್ಟರ್ ಪ್ರಿಂಟ್ ಹಾಕಿಸೋದ್ರಲ್ಲೇ ಹೋಗುತ್ತೆ.

ಎರಡು ಸೆಮಿಸ್ಟರ್‌ನಲ್ಲಿ ಆಗುವ ಕೆಲಸ ಬೇರೆ ಇದೆ. ದೊಡ್ಡಪ್ಪನದ್ದು ಗೊತ್ತಾದ ಮೇಲೆ ಮನೆಯವರೆಲ್ಲ ಟೆಸ್ಟ್ ಮಾಡಿಸಿಕೊಂಡೆವು. ಅವರ ಮಗನಿಗೂ ವೈರಸ್ ಇತ್ತು. ಅಣ್ಣ ಈಗ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು, ಗಡ್ಡೆ ಬಂದರೂ ಚಿಕ್ಕದಿರುವಾಗಲೇ ಸಿಗಲಿ ಅಂತ. ಕಳೆದ ಸಲ ಮರೆತೇಬಿಟ್ಟಿದ್ದ, ಒಂಬತ್ತು ತಿಂಗಳಾಗಿತ್ತು. ಅವನಿಗೆ ಬೇಕಿರೋದು ಕನ್ನಡದಲ್ಲಿ ಫೋನ್ ಮಾಡಿ ನೆನಪಿಸೋ ಒಂದು ಸಿಸ್ಟಮ್, ಹಳೇ ಸ್ಕ್ಯಾನ್ ರಿಪೋರ್ಟನ್ನ ಹೊಸದರ ಪಕ್ಕ ಇಟ್ಟು ತೋರಿಸೋ ಒಂದು ಆಪ್. ಇದನ್ನ ಯಾರೂ ಪೋಸ್ಟರ್ ಮಾಡಿರಲಿಲ್ಲ. ಮಾಡಿದರೆ ಅಕ್ಯುರಸಿ ಕಾಲಂನಲ್ಲಿ ಏನು ಬರೆಯೋದು ಅನ್ನೋ ಭಯ ಇರಬಹುದು.

ಇನ್ನೂ ಸುಲಭದ್ದು ಲಸಿಕೆ. ಹೆಪಟೈಟಿಸ್ ಬಿ ಲಸಿಕೆ ಅಂದರೆ ಒಂದರ್ಥದಲ್ಲಿ ಕ್ಯಾನ್ಸರ್ ಲಸಿಕೆಯೇ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಕೊಡೋಕೆ ಶುರು ಮಾಡಿ, ಹತ್ತೇ ವರ್ಷದಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮಲ್ಲಿ ಇದನ್ನ ಅಗ್ಗವಾಗಿ ಮೊದಲು ಮಾಡಿದ್ದು 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್. ಅದನ್ನ ಕಟ್ಟಿದ ವರಪ್ರಸಾದ ರೆಡ್ಡಿ ಡಾಕ್ಟರ್ ಅಲ್ಲ, ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ಆದರೆ ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಇದು ದೇಶಪೂರ್ತಿ ಬಂದಿದ್ದು 2011ರ ಆಸುಪಾಸಿನಲ್ಲಿ. ನಾವೆಲ್ಲ ಅದಕ್ಕೂ ಮುಂಚೆ ಹುಟ್ಟಿದವರು. ಕೆಲವರಿಗೆ ಅಪ್ಪ ಅಮ್ಮ ದುಡ್ಡು ಕೊಟ್ಟು ಹಾಕಿಸಿರಬಹುದು. ಉಳಿದವರಿಗೆ? ನಮ್ಮ ಕ್ಲಾಸಿನಲ್ಲಿ ಹನ್ನೊಂದು ಜನರನ್ನ ಕೇಳಿದೆ. ಮೂವರು ಹೌದು ಅಂದ್ರು, ಒಬ್ಬಳು ಅಮ್ಮನಿಗೆ ಫೋನ್ ಮಾಡಿ ಇಲ್ಲ ಅಂದಳು, ಉಳಿದ ಏಳು ಜನಕ್ಕೆ ಗೊತ್ತೇ ಇಲ್ಲ.

ಅದಕ್ಕೆ ಎನ್‌ಎಸ್‌ಎಸ್‌ನವರ ಹತ್ತಿರ ಮಾತಾಡಿದೀನಿ. ರಕ್ತದಾನ ಶಿಬಿರ ಹೇಗೂ ಇದೆ, ಅದರ ಜೊತೆಗೇ ಹೆಪಟೈಟಿಸ್ ಬಿ ಟೆಸ್ಟ್, ವೈರಸ್ ಇಲ್ಲದವರಿಗೆ ಲಸಿಕೆಯ ಮೊದಲ ಡೋಸ್. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಟೆಸ್ಟ್ ಫಲಿತಾಂಶ ಡಾಕ್ಟರ್ ನಿಮಗೆ ಮಾತ್ರ ಹೇಳ್ತಾರೆ. ಪಾಸಿಟಿವ್ ಬಂದರೂ ಗಾಬರಿ ಬೇಡ, ಒಟ್ಟಿಗೆ ಊಟ ಮಾಡಿದರೆ ಹರಡೋ ಕಾಯಿಲೆ ಅಲ್ಲ, ಮಾತ್ರೆ ಇದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ.

ಮೂರನೇ ಡೋಸ್ ಬರೋದು ಮುಂದಿನ ಸೆಮಿಸ್ಟರ್‌ನಲ್ಲಿ. ಅಷ್ಟರಲ್ಲಿ ಅರ್ಧ ಜನ ಮರೆತಿರ್ತಾರೆ ಅಂತ ಗೊತ್ತು. ನೆನಪಿಸೋ ಪ್ರೋಗ್ರಾಮ್ ಬರೆಯೋಕೆ ಇಬ್ಬರು ಬೇಕು, ಸಿಎಸ್‌ನವರಾದರೆ ಒಳ್ಳೇದು. ಲಸಿಕೆಗೆ ಹೆಸರು ಬರೆಯೋ ಹಾಳೆ ಹಾಸ್ಟೆಲ್ ಮೆಸ್ ಬಾಗಿಲ ಪಕ್ಕ ಅಂಟಿಸಿದೀನಿ. ನಿನ್ನೆ ರಾತ್ರಿ ಊಟದ ಹೊತ್ತಿಗೆ ಹದಿನಾಲ್ಕು ಹೆಸರು ಇದ್ದವು, ಅದರಲ್ಲಿ ಒಂದು ‘ಬ್ಯಾಟ್‌ಮ್ಯಾನ್’.